ಮೆಟ್ರೊಪೊಲಿಸ್ ಚಿತ್ರದ ಪಾಠಚರಿತ್ರೆ

ಪ್ರಾಚೀನ ಗ್ರಂಥಗಳಿಗೆ ಪಾಠಾಂತರಗಳುಂಟೆಂಬುದು ಸರ್ವವಿದಿತವಾದ ಸಂಗತಿ. ಓಲೆಗರಿಯಿಂದ ಓಲೆಗರಿಗೆ ಪ್ರತಿಮಾಡುವಾಗ ಒಬ್ಬ ಲಿಪಿಕಾರನು ಪಂಕ್ತಿಯೊಂದನ್ನು ಬಿಡುವನು; ಮತ್ತೊಬ್ಬನು ತನಗೆ ತಿಳಿಯದ ಶಬ್ದವನ್ನು ತಿಳಿದ ಶಬ್ದದಿಂದ ತಿದ್ದುವನು; ಮೂರನೆಯವನು ತನ್ನ ಊರ ದೇವರ ಮಹಿಮೆಯನ್ನು ನಡುವೆ ಸೇರಿಸುವನು. ಗೆದ್ದಲು, ಬೆಂಕಿ, ನೀರು ಇವು ತಮ್ಮ ತಮ್ಮ ಪಾಲನ್ನು ಕೊಂಡೊಯ್ಯುವುವು. ಹೀಗೆ ಅಳಿದುಳಿದ ಪ್ರತಿಗಳನ್ನು ಮುಂದಿಟ್ಟುಕೊಂಡು ಕವಿಯು ಬರೆದುದಾವುದು, ಬರೆಯದುದಾವುದು ಎಂದು ನಿರ್ಣಯಿಸುವುದೇ ಗ್ರಂಥಸಂಪಾದನ ಶಾಸ್ತ್ರದ ಕೆಲಸ. ಯಂತ್ರಯುಗದಲ್ಲಿ ಹುಟ್ಟಿದ ಚಲಚ್ಚಿತ್ರಕಲೆಗೆ ಈ ಶಾಸ್ತ್ರವು ಬೇಕಾಗಲಾರದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಒಂದೇ ನೆಗೆಟಿವಿನಿಂದ ಯಂತ್ರವೇ ನೂರು ಪ್ರತಿಗಳನ್ನು ತೆಗೆದ ಮೇಲೆ ಅವುಗಳಲ್ಲಿ ಭೇದವೆಲ್ಲಿಂದ ಬರಬೇಕು ಎಂಬುದು ಆ ಭಾವನೆಗೆ ಆಧಾರ. ಆದರೆ ಚಲಚ್ಚಿತ್ರದ ಚರಿತ್ರೆಯು ಇದಕ್ಕೆ ನೇರವಾಗಿ ವಿರುದ್ಧವಾದ ಸಾಕ್ಷ್ಯವನ್ನು ನುಡಿಯುತ್ತದೆ. ಜರ್ಮನ್ ದೇಶದ ‘ಮೆಟ್ರೊಪೊಲಿಸ್’ ಎಂಬ ಮೂಕಚಿತ್ರವು ಎಂಬತ್ತಕ್ಕಿಂತ ಹೆಚ್ಚು ವರ್ಷಗಳ ಕಾಲ ಅನುಭವಿಸಿದ ಅಂಗಚ್ಛೇದ, ಅಜ್ಞಾತವಾಸ, ಪುನರ್ಲಾಭಗಳ ಕಥೆಯು ಯಾವ ಪುರಾಣಗ್ರಂಥದ ಪಾಠಚರಿತ್ರೆಗೂ ಕಡಮೆಯಾದುದಲ್ಲ. ಆ ಕಥೆಯ ಉತ್ತರಾರ್ಧವು ನಡೆದುದು ಚಿತ್ರಮಂದಿರಗಳಲ್ಲಿ ಎನ್ನುವುದಕ್ಕಿಂತ ಮನೆಗಳಲ್ಲಿ, ವಿಡಿಯೋ ಸುರುಳಿಗಳ ಮತ್ತು ಫಲಕಗಳ ಮೂಲಕ ಎನ್ನುವುದೇ ಸಮಂಜಸ.

ಈ ಚಿತ್ರದ ನಿರ್ದೇಶಕನು ಫ್ರಿಟ್ಸ್ ಲಾಂಗ್; ಕಥೆಯನ್ನು ಬರೆದವಳು ಆತನ ಪತ್ನಿಯಾಗಿದ್ದ ಥೇಯಾ ಫಾನ್ ಹಾರ್ಬೂ. ನಿರ್ಮಿಸಿದುದು ಬರ್ಲಿನ್ನಿನ ಉಫಾ ಸಂಸ್ಥೆ. ೧೯೨೫ರ ಮೇ ತಿಂಗಳಿನಲ್ಲಿ ಆರಂಭವಾದ ಚಿತ್ರೀಕರಣವು ೧೯೨೬ರ ಅಕ್ಟೋಬರ್ ಅಂತ್ಯದವರೆಗೂ ನಡೆಯಿತು. ಮೊದಲು ಅಂದಾಜು ಮಾಡಿದ್ದ ವೆಚ್ಚವು ಹದಿನೈದು ಲಕ್ಷ ಮಾರ್ಕುಗಳು. ಕೊನೆಗೆ ತಗಲಿದುದು ಐವತ್ತು ಲಕ್ಷಕ್ಕೂ ಮಿಗಿಲು. ಭವಿಷ್ಯತ್ಕಾಲದ ಮಹಾನಗರವೊಂದರಲ್ಲಿ ಧನಿಕರು ಗಗನಚುಂಬಿಗಳಾದ ಸೌಧಗಳಲ್ಲಿ ವಿಹರಿಸುತ್ತಿರಲು, ಶ್ರಮಜೀವಿಗಳು ಭೂಗರ್ಭದಲ್ಲಿ ಯಂತ್ರಗಳಿಗೆ ಅಡಿಯಾಳಾಗಿ ಬಾಳುತ್ತಾರೆ. ನಗರಾಧಿಪತಿಯಾದ ಯೋ ಫ್ರೆಡರ್ಸನ್ನನ ಮಗ ಫ್ರೆಡರ್ ಆ ಪಾತಾಳಕ್ಕಿಳಿದು, ಮರಿಯಾ ಎಂಬ ಸಾಧ್ವಿಯಿಂದ ಪ್ರೇರಿತನಾಗಿ, ಉಭಯವರ್ಗಗಳನ್ನು ಬೆಸೆಯಲೆಳಸುತ್ತಾನೆ. ರೋಟ್‌ವಾಂಗ್ ಎಂಬ ಯಂತ್ರಶಿಲ್ಪಿಯು ಮರಿಯಾಳ ರೂಪವನ್ನು ತಾಳಿದ ಯಂತ್ರಸ್ತ್ರೀಯನ್ನು ಸೃಷ್ಟಿಸಿ ಅನರ್ಥವನ್ನು ತಂದೊಡ್ಡುತ್ತಾನೆ. ೧೯೨೭ರ ಜನವರಿ ೧೦ರಂದು ಬರ್ಲಿನ್ನಿನ ಉಫಾ-ಪಲಾಸ್ಟ್ ಆಮ್ ಜೂ ಚಿತ್ರಮಂದಿರದಲ್ಲಿ ಗಾಟ್‌ಫ್ರೀಡ್ ಹುಪ್ಪರ್ಟ್ಸನು ಇದಕ್ಕೆಂದೇ ರಚಿಸಿದ ವಾದ್ಯವೃಂದ ಸಂಗೀತದೊಡನೆ ಚಿತ್ರವು ಪ್ರಥಮವಾಗಿ ಪ್ರದರ್ಶಿತವಾಯಿತು. ಅಂದಿನ ಚಿತ್ರಪಟದ ಉದ್ದ ೪,೧೮೯ ಮೀಟರು. ಕ್ಷಣಕ್ಕೆ ೨೪ ಚೌಕಟ್ಟುಗಳ ವೇಗದಲ್ಲಿ ಓಡಿಸಿದರೆ ಇದು ೧೫೩ ನಿಮಿಷಗಳ ಚಿತ್ರವಾಗುತ್ತದೆ. ಇದನ್ನೇ ಮೂಲಪಾಠವೆನ್ನಬೇಕು. ಈ ಮೂಲಪಾಠವನ್ನು ಕಂಡವರು ಆ ವರ್ಷದ ಮೊದಲ ತಿಂಗಳುಗಳ ಬರ್ಲಿನ್ನಿನ ಪ್ರೇಕ್ಷಕರು ಮಾತ್ರವೆಂದು ಬಹುಕಾಲ ನಂಬಲಾಗಿತ್ತು.

ಅಂಗಚ್ಛೇದವು ಚಿತ್ರವು ಹುಟ್ಟುತ್ತಿರುವಾಗಲೇ ಪ್ರಾರಂಭವಾಯಿತು. ಉಫಾ ಸಂಸ್ಥೆಯು ಸಾಲದಲ್ಲಿ ಮುಳುಗಿ ೧೯೨೫ರ ಡಿಸೆಂಬರಿನಲ್ಲಿ ಅಮೆರಿಕದ ಪ್ಯಾರಮೌಂಟ್ ಮತ್ತು ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಗಳೊಡನೆ ‘ಪಾರುಫಾಮೆಟ್’ ಎಂಬ ಒಡಂಬಡಿಕೆಯನ್ನು ಮಾಡಿಕೊಂಡಿತ್ತು. ಅಮೆರಿಕದ ಪ್ರದರ್ಶನಕ್ಕಾಗಿ ಚಿತ್ರವನ್ನು ತಿದ್ದುವ ಅಧಿಕಾರವು ಪ್ಯಾರಮೌಂಟಿಗೆ ದೊರೆಯಿತು. ಚ್ಯಾನಿಂಗ್ ಪೊಲಾಕ್ ಎಂಬ ನಾಟಕಕಾರನು ಆ ಕಾರ್ಯಕ್ಕೆ ನಿಯುಕ್ತನಾಗಿ, ದೃಶ್ಯಗಳನ್ನು ಕತ್ತರಿಸಿ, ಉಳಿದವುಗಳ ಕ್ರಮವನ್ನು ಬದಲಿಸಿ, ನಡುನಡುವಿನ ಬರಹಫಲಕಗಳನ್ನು ಹೊಸದಾಗಿ ಬರೆದನು. ಮೂಲದಲ್ಲಿ ನಗರಾಧಿಪತಿಯ ಮೃತಪತ್ನಿಯ ಹೆಸರು ಹೆಲ್. ಅದೇ ಧ್ವನಿಯ ಇಂಗ್ಲಿಷ್ ಶಬ್ದಕ್ಕೆ ನರಕವೆಂದು ಅರ್ಥವಿರುವುದರಿಂದ ಪ್ರೇಕ್ಷಕರು ನಕ್ಕಾರೆಂಬ ಅಂಜಿಕೆಯಿಂದ ಆ ಪಾತ್ರವನ್ನೇ ನಿರ್ನಾಮ ಮಾಡಲಾಯಿತು. ಜರ್ಮನಿಯಲ್ಲಿಯೂ ಚಿತ್ರವು ನಿರೀಕ್ಷಿಸಿದಷ್ಟು ಹಣವನ್ನು ತರಲಿಲ್ಲ. ೧೯೨೭ರ ವಸಂತದಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ಅಮೆರಿಕದ ಪಾಠವನ್ನೇ ಬಹುಮಟ್ಟಿಗೆ ಅನುಸರಿಸಿ ಕತ್ತರಿಸಿ, ಆಗಸ್ಟಿನಲ್ಲಿ ೩,೨೪೧ ಮೀಟರುಗಳ ಸಂಕ್ಷೇಪವಾಗಿ ಮರಳಿ ಬಿಡುಗಡೆ ಮಾಡಿದರು. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಾದ ಭಾಗವು ಹೀಗೆ ಏಳು ತಿಂಗಳೊಳಗೆ ಲುಪ್ತವಾಯಿತು.

ಲುಪ್ತವಾದುದು ಅಲಂಕಾರಮಾತ್ರವಾದ ಭಾಗವಾಗಿದ್ದಿದ್ದರೆ ಅಷ್ಟಾಗಿ ಚಿಂತಿಸಬೇಕಾಗಿರಲಿಲ್ಲ. ಹೆಲ್ ಎಂಬವಳು ಕಥೆಯ ಕೀಲು. ರೋಟ್‌ವಾಂಗನು ಅವಳನ್ನು ಪ್ರೀತಿಸಿದ್ದನು. ಅವಳು ಫ್ರೆಡರ್ಸನ್ನನನ್ನು ವರಿಸಿ, ಫ್ರೆಡರನನ್ನು ಹೆರುವಾಗ ಮೃತಳಾದಳು. ಆ ವಿಯೋಗವನ್ನು ಸಹಿಸಲಾರದೆ ರೋಟ್‌ವಾಂಗನು ಅವಳ ಪ್ರತಿರೂಪವಾಗಿ ಯಂತ್ರಸ್ತ್ರೀಯನ್ನು ನಿರ್ಮಿಸುತ್ತಾನೆ. ಈ ಎಳೆಯನ್ನು ಕಿತ್ತೊಡನೆ ಶಿಲ್ಪಿಯ ದ್ವೇಷಕ್ಕೂ ಯಂತ್ರದ ನಿರ್ಮಾಣಕ್ಕೂ ಕಾರಣವೇ ಇಲ್ಲದಂತಾಗಿ, ಪ್ರೇಮೋನ್ಮತ್ತನು ಕೇವಲ ಉನ್ಮತ್ತನಾಗಿ ಉಳಿದನು. ಫ್ರೆಡರನೊಡನೆ ಉಡುಪನ್ನು ಬದಲಾಯಿಸಿಕೊಂಡ ೧೧೮೧೧ ಎಂಬ ಸಂಖ್ಯೆಯ ಶ್ರಮಿಕನು ಮೇಲಿನ ನಗರದಲ್ಲಿ ಪ್ರಲೋಭನಕ್ಕೊಳಗಾಗುವ ಪ್ರಕರಣ, ಫ್ರೆಡರ್ಸನ್ನನ ಗೂಢಚಾರನಾದ ಕೃಶಪುರುಷನ ಬೆನ್ನಟ್ಟುವಿಕೆ, ಕೆಲಸದಿಂದ ತೆಗೆಯಲ್ಪಟ್ಟ ಯೋಸಫಾಟನ ನಿಷ್ಠೆ ಇವೆಲ್ಲವೂ ಬಡಕಲಾದವು ಇಲ್ಲವೆ ಮಾಯವಾದವು. ಕಾರ್ಯವು ಉಳಿದು ಕಾರಣವು ಹೋದ ಮೇಲೆ ಉಳಿದ ಕಾರ್ಯವೂ ಹಾಸ್ಯಾಸ್ಪದವಾಗುವುದು ಸಹಜ. ಇಂಗ್ಲೆಂಡಿನ ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್ ೧೯೨೭ರ ಏಪ್ರಿಲಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ಚಿತ್ರವನ್ನು ಮೂರ್ಖತನದ ಪರಾಕಾಷ್ಠೆಯೆಂಬಂತೆ ಖಂಡಿಸಿದನು. ಆತನ ಆಕ್ಷೇಪಣೆಗಳೆಲ್ಲವೂ ಕತ್ತರಿಯಿಂದ ಹುಟ್ಟಿದುವಲ್ಲ. ಯಂತ್ರವು ಹೆಚ್ಚಿದಷ್ಟೂ ಮನುಷ್ಯನ ಗೇಯ್ಮೆಯು ಹೆಚ್ಚುವುದೆಂಬ ಚಿತ್ರದ ಕಲ್ಪನೆಯೇ ಆತನಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ ಬರ್ಲಿನ್ನಿನ ಹೊರಗಣ ವಿಮರ್ಶಕರು ಎರಡು ತಲೆಮಾರುಗಳ ಕಾಲ ಕಥೆಯ ಅಸಂಬದ್ಧತೆಯನ್ನು ಲಾಂಗನ ತಲೆಗೇ ಕಟ್ಟಿದರು. ಇದು ತ್ರುಟಿತವಾದ ಓಲೆಯನ್ನು ಓದಿ ಕವಿಯು ವ್ಯಾಕರಣವರಿಯನೆಂದು ತೀರ್ಪು ಕೊಟ್ಟಂತೆ.

ಮುಂದಿನ ಅರ್ಧಶತಮಾನದಲ್ಲಿ ಚಿತ್ರವು ಹಲವು ಶಾಖೆಗಳಾಗಿ ಹರಡಿತು. ಮೂಕಚಿತ್ರಗಳ ಕಾಲದಲ್ಲಿ ಪರದೇಶಗಳ ಮಾರುಕಟ್ಟೆಗಾಗಿ ಒಂದಕ್ಕಿಂತ ಹೆಚ್ಚು ನೆಗೆಟಿವುಗಳನ್ನು ಸಿದ್ಧಪಡಿಸುವುದು ವಾಡಿಕೆ. ಮೆಟ್ರೊಪೊಲಿಸಿಗೆ ಅಂತಹ ಮೂರು ನೆಗೆಟಿವುಗಳಿದ್ದುವು. ಒಂದೇ ದೃಶ್ಯವನ್ನು ಬೇರೆಬೇರೆ ಕ್ಯಾಮೆರಾಗಳಿಂದ ಅಥವಾ ಬೇರೆಬೇರೆ ಸಲ ತೆಗೆದ ಚಿತ್ರಿಕೆಗಳು ಅವುಗಳಲ್ಲಿ ಸೇರಿದ್ದುವು. ಆದುದರಿಂದ ಒಂದು ದೇಶದ ಪ್ರತಿಯಲ್ಲಿ ನಟನು ಕೈಯೆತ್ತುವ ರೀತಿಯೂ ಮತ್ತೊಂದರ ರೀತಿಯೂ ಕೂದಲೆಳೆಯಷ್ಟು ಭಿನ್ನವಾಗಿರುವುದುಂಟು. ಭಾರತದ ಔತ್ತರಾಹ ಪಾಠ, ದಾಕ್ಷಿಣಾತ್ಯ ಪಾಠ ಎಂಬ ವಿಭಾಗವು ಇಲ್ಲಿಯೂ ಉಂಟೆಂದರೆ ತಪ್ಪಾಗದು. ಇದರ ಮೇಲೆ ವಸ್ತುವಿನ ದೌರ್ಬಲ್ಯವೊಂದು. ಅಂದಿನ ಚಿತ್ರಪಟವು ಸೆಲ್ಯುಲೋಸ್ ನೈಟ್ರೇಟ್ ಎಂಬ ದ್ರವ್ಯದಿಂದಾದುದು. ಅದು ಸುಲಭವಾಗಿ ಹತ್ತಿಕೊಂಡು ಉರಿಯುವುದು. ಉರಿಯದಿದ್ದರೆ ತನ್ನಷ್ಟಕ್ಕೆ ತಾನೇ ಕೊಳೆತು ಅಂಟಾಗಿ ಪುಡಿಯಾಗುವುದು. ೧೯೫೦ರ ದಶಕದ ಆರಂಭದವರೆಗೂ ವ್ಯಾಪಾರದ ಚಿತ್ರಗಳು ಈ ಪಟದ ಮೇಲೆಯೇ ಮುದ್ರಿತವಾಗುತ್ತಿದ್ದುವು.

ಈ ಸ್ಥಿತಿಯಲ್ಲಿ ಚಿತ್ರವನ್ನು ನೋಡಬೇಕೆನ್ನುವವನಿಗೆ ಮಹಾನಗರಗಳ ಚಿತ್ರಭಂಡಾರಗಳೂ ಚಿತ್ರಸಂಘಗಳೂ ಮಾತ್ರ ಗತಿಯಾಗಿದ್ದುವು. ಒಮ್ಮೆ ನೋಡಿದುದನ್ನು ಮರಳಿ ನೋಡುವುದು, ನಿಲ್ಲಿಸಿ ನೋಡುವುದು, ಎರಡು ಪ್ರತಿಗಳನ್ನು ಹೋಲಿಸುವುದು ಸಾಮಾನ್ಯ ಪ್ರೇಕ್ಷಕನಿಗೆ ಅಸಾಧ್ಯವಾಗಿದ್ದಿತು. ಚಲಚ್ಚಿತ್ರವು ಅವನ ಪಾಲಿಗೆ ಶ್ರವ್ಯಕಾವ್ಯದಂತೆ ಒಮ್ಮೆ ಕೇಳಿ ನೆನಪಿನಲ್ಲಿಟ್ಟುಕೊಳ್ಳುವ ವಸ್ತುವೇ ಹೊರತು ಕೈಯಲ್ಲಿ ಹಿಡಿದು ಓದುವ ಪುಸ್ತಕವಾಗಿರಲಿಲ್ಲ. ಈ ಅವಸ್ಥೆಯನ್ನು ಬದಲಿಸಿದುದು ಗೃಹವಿಡಿಯೋ. ೧೯೭೫ರಲ್ಲಿ ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ ಯಂತ್ರವೂ, ೧೯೭೬ರಲ್ಲಿ ಜೆವಿಸಿ ಸಂಸ್ಥೆಯ ವಿಎಚ್‌ಎಸ್ ಯಂತ್ರವೂ ಜಪಾನಿನಲ್ಲಿ ಹುಟ್ಟಿದುವು. ೧೯೭೭ರಲ್ಲಿ ಅಮೆರಿಕದ ಮ್ಯಾಗ್ನೆಟಿಕ್ ವಿಡಿಯೋ ಎಂಬ ಸಂಸ್ಥೆಯು ಟ್ವೆಂಟಿಯತ್ ಸೆಂಚುರಿ-ಫಾಕ್ಸಿನ ಐವತ್ತು ಚಿತ್ರಗಳನ್ನು ಸುರುಳಿಗಳಲ್ಲಿ ಮಾರಲು ತೊಡಗಿತು. ದೂರದರ್ಶನದ ಚಿತ್ರಗಳನ್ನು ಅನಂತರ ನೋಡುವುದಕ್ಕಾಗಿ ಮನೆಯಲ್ಲಿ ಮುದ್ರಿಸಿಕೊಳ್ಳುವುದು ಅಪರಾಧವಲ್ಲವೆಂದು ಅಮೆರಿಕದ ಪರಮೋಚ್ಚ ನ್ಯಾಯಾಲಯವು ೧೯೮೪ರ ಜನವರಿಯಲ್ಲಿ ತೀರ್ಮಾನಿಸಿತು. ಅದೇ ವರ್ಷ ಕ್ರೈಟೀರಿಯನ್ ಸಂಸ್ಥೆಯು ‘ಸಿಟಿಜನ್ ಕೇನ್’, ‘ಕಿಂಗ್ ಕಾಂಗ್’ ಎಂಬ ಎರಡು ಚಿತ್ರಗಳನ್ನು ಲೇಸರ್ ಫಲಕದಲ್ಲಿ ಪ್ರಕಟಿಸಿತು. ಎರಡನೆಯದರಲ್ಲಿ ರೊನಾಲ್ಡ್ ಹೇವರ್ ಎಂಬ ಚಿತ್ರೇತಿಹಾಸಜ್ಞನು ಚಿತ್ರದ ಜತೆಜತೆಗೇ ಮಾತನಾಡುತ್ತ ವಿವರಣೆ ಕೊಟ್ಟನು. ಮೂಲದ ಕೆಳಗೆ ವ್ಯಾಖ್ಯಾನವನ್ನಚ್ಚಿಸುವ ನಮ್ಮ ಹಳೆಯ ಪದ್ಧತಿಯು ಚಲಚ್ಚಿತ್ರಕ್ಕೆ ಬಂದುದು ಹೀಗೆ. ಹಿಂದಿನ ಚಿತ್ರಗಳು ವ್ಯಾಪಾರದ ಹಳಸಲು ಸರಕುಗಳಲ್ಲ, ಸಂಪಾದನೆಗೆ ಅರ್ಹವಾದ ಗ್ರಂಥಗಳು ಎಂಬ ಭಾವನೆಯು ಅಲ್ಲಿಂದ ಬಲಗೊಂಡಿತು.

ಮುದ್ರಣಯಂತ್ರವು ಬಂದ ಕಾಲದಲ್ಲಿ ಒಳ್ಳೆಯ ಗ್ರಂಥಗಳ ಜೊತೆಗೆ ಅಶುದ್ಧವಾದ ಅಗ್ಗದ ಪ್ರತಿಗಳೂ ಸಂತೆಗೆ ಬಂದುವಷ್ಟೆ. ಮೆಟ್ರೊಪೊಲಿಸಿನ ಗತಿಯೂ ಅದೇ ಆಯಿತು. ಅಮೆರಿಕದಲ್ಲಿ ಆ ಚಿತ್ರದ ಸ್ವಾಮ್ಯದ ಹಕ್ಕು ೧೯೫೦ರ ದಶಕದಲ್ಲಿಯೇ ಕಳೆದುಹೋಗಿದ್ದುದರಿಂದ ಯಾರು ಬೇಕಾದರೂ ಕೈಗೆ ಸಿಕ್ಕ ಸವೆದ ಪ್ರತಿಯನ್ನು ಸುರುಳಿಗೆ ಇಳಿಸಿ ಮಾರಬಹುದಾಗಿದ್ದಿತು. ಮಸುಕಾದ ಮುಖಗಳು, ಚಿತ್ರಕ್ಕೆ ಸಂಬಂಧವೇ ಇಲ್ಲದ ಸಂಗೀತ, ಓಟದ ವೇಗದಲ್ಲಿ ವ್ಯತ್ಯಾಸ ಇವು ಅಂತಹ ಸುರುಳಿಗಳ ಲಕ್ಷಣಗಳು. ೧೯೮೪ರಲ್ಲಿ ಜಾರ್ಜೊ ಮೊರೊಡರ್ ಎಂಬ ಸಂಗೀತಗಾರನು ಮತ್ತೊಂದು ಪಾಠವನ್ನು ಹೊರಡಿಸಿದನು. ಬಣ್ಣಗಳನ್ನು ಲೇಪಿಸಿ, ಬರಹಫಲಕಗಳಿಗೆ ಬದಲಾಗಿ ಚಿತ್ರದ ಅಡಿಯಲ್ಲಿಯೇ ಬರಹವನ್ನು ಹಾಕಿ, ಫ್ರೆಡ್ಡಿ ಮರ್ಕ್ಯುರಿ, ಬಾನಿ ಟೈಲರ್ ಮುಂತಾದವರ ಹಾಡುಗಳನ್ನು ಸೇರಿಸಿ, ಸುಮಾರು ಎಂಬತ್ತು ನಿಮಿಷಗಳಿಗೆ ಇಳಿಸಿದ ಪಾಠವದು. ಶುದ್ಧಪಾಠವಾದಿಗಳು ಇದನ್ನು ಅಪಚಾರವೆಂದರು. ಅಪಚಾರವು ನಿಜವೇ. ಆದರೆ ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಲುಪ್ತಭಾಗಗಳ ಸ್ಥಾನದಲ್ಲಿ ನಿಶ್ಚಲಚಿತ್ರಗಳನ್ನಿಟ್ಟು ಕಥಾಸೂತ್ರವನ್ನು ಸೂಚಿಸಲು ಆತನು ಯತ್ನಿಸಿದನು. ಮೂಕಚಿತ್ರವೆಂದರೆ ಮೂಗುಮುರಿಯುತ್ತಿದ್ದ ತರುಣರು ಆತನ ಸುರುಳಿಯ ಮೂಲಕವೇ ಈ ಚಿತ್ರದ ಭಕ್ತರಾದರು. ಹರಿಕಥೆಯನ್ನು ಕೇಳಿ ಬಂದವನು ಮುಂದೆ ಮೂಲಭಾರತವನ್ನು ಅರಸಿ ಹೋಗುವುದುಂಟು.

ಮೂಲವನ್ನು ಅರಸುವ ಶಾಸ್ತ್ರೀಯವಾದ ಕಾರ್ಯವು ಮ್ಯೂನಿಕ್ ನಗರದ ಚಿತ್ರಸಂಗ್ರಹಾಲಯದಲ್ಲಿ ನಡೆಯುತ್ತಿದ್ದಿತು. ಅದರ ಅಧ್ಯಕ್ಷನಾಗಿದ್ದ ಎನ್ನೊ ಪಟಾಲಸನು ೧೯೮೭ರ ಹೊತ್ತಿಗೆ ಒಂದು ಪುನಸ್ಸಂಘಟಿತ ಪಾಠವನ್ನು ಸಿದ್ಧಗೊಳಿಸಿದನು. ಆತನಿಗೆ ದೊರೆತ ಸಾಧನಗಳು ಎರಡು. ಜರ್ಮನಿಯ ಪರಿಶೀಲನಾಧಿಕಾರಿಗಳು ಪ್ರದರ್ಶನಕ್ಕೆ ಅನುಮತಿ ಕೊಡುವಾಗ ಚಿತ್ರದ ಬರಹಫಲಕಗಳನ್ನೆಲ್ಲ ಅನುಕ್ರಮವಾಗಿ ಪಟ್ಟಿಮಾಡುತ್ತಿದ್ದ ಪತ್ರಗಳು ಒಂದು. ಹುಪ್ಪರ್ಟ್ಸನ ಸಂಗೀತಲಿಪಿ ಮತ್ತೊಂದು. ವಾದ್ಯನಿರ್ದೇಶಕನು ಪರದೆಯ ಮೇಲಣ ಚಿತ್ರದೊಡನೆ ಹೊಂದಿಕೊಂಡು ಹೋಗಲೆಂದು ಅದರಲ್ಲಿ ಸಾವಿರಕ್ಕೂ ಹೆಚ್ಚು ಕಡೆಗಳಲ್ಲಿ ದೃಶ್ಯದ ಸೂಚನೆಗಳನ್ನು ಬರೆಯಲಾಗಿದ್ದಿತು. ಬರ್ಲಿನ್ನಿನಲ್ಲಿ ಕಂಡುದೇನು ಎಂಬುದನ್ನು ಕಣ್ಣು ಮರೆತಿದ್ದರೂ ಕಿವಿಗಾಗಿ ಬರೆದ ಕಾಗದವು ಮರೆತಿರಲಿಲ್ಲ. ಮೂಲವು ಹೋದರೂ ಟೀಕೆಯಲ್ಲಿ ಉದ್ಧೃತವಾದ ಪ್ರತೀಕಗಳಿಂದ ಶ್ಲೋಕದ ಕ್ರಮವನ್ನು ಗುರುತಿಸುವ ವಿದ್ವಾಂಸನಂತೆ ಪಟಾಲಸನು ದೃಶ್ಯಗಳನ್ನು ಸ್ವಸ್ಥಾನಗಳಲ್ಲಿ ಜೋಡಿಸಿದನು. ಇದನ್ನಾಧರಿಸಿ ಮುರ್ನೌ ಪ್ರತಿಷ್ಠಾನದ ಪರವಾಗಿ ಮಾರ್ಟಿನ್ ಕೋರ್ಬರನು ನಡೆಸಿದ ಪರಿಷ್ಕರಣವು ೨೦೦೧ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಇಲ್ಲದ ಭಾಗಗಳ ಸ್ಥಾನದಲ್ಲಿ ಕಥೆಯನ್ನು ತಿಳಿಸುವ ಬರಹಗಳನ್ನು ಬೇರೆ ಅಕ್ಷರಗಳಲ್ಲಿ ಹಾಕಿ, ಇಲ್ಲಿ ಲೋಪವಿದೆಯೆಂದು ಪ್ರೇಕ್ಷಕನಿಗೆ ಸ್ಪಷ್ಟವಾಗಿ ತಿಳಿಸಲಾಯಿತು. ಅದೇ ವರ್ಷ ಯುನೆಸ್ಕೊ ಸಂಸ್ಥೆಯು ಜಗತ್ತಿನ ಸ್ಮೃತಿಸಂಪತ್ತಿನ ಪಟ್ಟಿಯಲ್ಲಿ ಮೆಟ್ರೊಪೊಲಿಸನ್ನು ಸೇರಿಸಿತು. ಆ ಪಟ್ಟಿಗೆ ಸೇರಿದ ಮೊದಲ ಚಲಚ್ಚಿತ್ರವಿದು. ೨೦೦೩ರಲ್ಲಿ ಈ ಪಾಠವು ಅಮೆರಿಕದಲ್ಲಿ ಕಿನೊ ಸಂಸ್ಥೆಯ ಮೂಲಕ ಡಿವಿಡಿ ಫಲಕವಾಗಿ ಮನೆಗಳನ್ನು ಮುಟ್ಟಿತು. ಇದಕ್ಕಿಂತ ಹೆಚ್ಚಿನದು ಇನ್ನು ದೊರೆಯದೆಂದು ಬಲ್ಲವರೆಲ್ಲರೂ ನಿರ್ಧರಿಸಿಕೊಂಡರು.

ನಿರ್ಧಾರವು ಸುಳ್ಳಾದುದು ದಕ್ಷಿಣ ಅಮೆರಿಕದ ಅರ್ಜೆಂಟೀನದಲ್ಲಿ. ೧೯೨೮ರಲ್ಲಿ ಅಡಾಲ್ಫೊ ವಿಲ್ಸನ್ ಎಂಬ ಚಿತ್ರವಿತರಕನು ಕತ್ತರಿಗೆ ಸಿಕ್ಕದ ದೀರ್ಘಪಾಠದ ಪ್ರತಿಯೊಂದನ್ನು ಬುಯೆನೊಸ್ ಐರಿಸ್ ನಗರಕ್ಕೆ ತಂದಿದ್ದನು. ಅದು ಮ್ಯಾನುಯೆಲ್ ಪೆನ್ಯ ರೊಡ್ರಿಗೆಸ್ ಎಂಬ ಚಿತ್ರವಿಮರ್ಶಕನ ಸಂಗ್ರಹವನ್ನು ಸೇರಿ, ಅಲ್ಲಿಂದ ರಾಷ್ಟ್ರೀಯ ಕಲಾನಿಧಿಯೊಂದರ ವಶಕ್ಕೆ ಹೋಯಿತು. ನೈಟ್ರೇಟಿನ ಭಯದಿಂದ ಅದನ್ನು ೧೬ ಮಿಲಿಮೀಟರಿನ ಕಿರಿಯ ಪಟಕ್ಕೆ ಇಳಿಸಿಕೊಂಡು ಮೂಲಪ್ರತಿಯನ್ನು ನಾಶಮಾಡಿದರು. ಇಳಿಸುವಾಗ ಪಟವನ್ನು ಶುಚಿಗೊಳಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಎಣ್ಣೆಯ ಕಲೆಗಳೂ ಗೀರುಗಳೂ ಚಿತ್ರದೊಡನೆ ಚಿತ್ರಗಳಾಗಿಯೇ ಮುದ್ರಿತವಾದುವು. ೧೯೯೨ರಲ್ಲಿ ಈ ಕಿರಿಯ ಪ್ರತಿಯು ನಗರದ ಚಿತ್ರಸಂಗ್ರಹಾಲಯವನ್ನು ಸೇರಿತು. ಫರ್ನಾಂಡೊ ಪೆನ್ಯ ಎಂಬ ಚಿತ್ರೇತಿಹಾಸಜ್ಞನು ಒಂದು ವೃತ್ತಾಂತವನ್ನು ಕೇಳಿದ್ದನು: ಹಿಂದೊಮ್ಮೆ ಚಿತ್ರಸಂಘವೊಂದರಲ್ಲಿ ಈ ಪ್ರತಿಯನ್ನು ತೋರಿಸುವಾಗ ಪಟವು ಜಾರದಂತೆ ಎರಡು ಗಂಟೆಗೂ ಹೆಚ್ಚು ಕಾಲ ಬೆರಳಿಟ್ಟು ಒತ್ತಿಹಿಡಿಯಬೇಕಾಯಿತಂತೆ. ಕೇಳಿದವರು ನಕ್ಕು ಬಿಡಬಹುದಾದ ಮಾತಿದು, ಪೆನ್ಯನು ಗಣಿತಮಾಡಿದನು. ಜಗತ್ತಿಗೆಲ್ಲ ಗೊತ್ತಿದ್ದ ಮೆಟ್ರೊಪೊಲಿಸ್ ಅಷ್ಟು ಹೊತ್ತು ಓಡುವ ಚಿತ್ರವೇ ಅಲ್ಲವಲ್ಲ! ಹಲವು ವರ್ಷಗಳ ಕಾಲ ಆತನಿಗೆ ಪ್ರತಿಯನ್ನು ನೋಡುವ ಅವಕಾಶವು ದೊರೆಯಲಿಲ್ಲ. ೨೦೦೮ರಲ್ಲಿ ಪೌಲಾ ಫೆಲಿಕ್ಸ್-ದಿದಿಯೆರ್ ಆ ಸಂಗ್ರಹಾಲಯದ ನಿರ್ದೇಶಕಿಯಾದ ಮೇಲೆ ಇಬ್ಬರೂ ಕೂಡಿ ಡಬ್ಬಿಗಳನ್ನು ತೆರೆದರು. ಲುಪ್ತವೆಂದು ಎಂಬತ್ತು ವರ್ಷ ಎಣಿಸಿದ್ದ ದೃಶ್ಯಗಳು ಅಲ್ಲಿದ್ದುವು. ಆ ವರ್ಷದ ಜುಲೈ ತಿಂಗಳಿನಲ್ಲಿ ಜರ್ಮನಿಯ ‘ಡೀ ತ್ಸೈಟ್’ ಪತ್ರಿಕೆಯು ಸುದ್ದಿಯನ್ನು ಲೋಕಕ್ಕೆ ಸಾರಿತು. ನ್ಯೂಜಿಲೆಂಡಿನ ಚಿತ್ರಭಂಡಾರದಲ್ಲಿದ್ದ ಮತ್ತೊಂದು ಶಾಖೆಯ ಪ್ರತಿಯೂ ಪರಿಷ್ಕರಣಕ್ಕೆ ಒದಗಿತು.

೨೦೧೦ರ ಫೆಬ್ರುವರಿ ೧೨ರಂದು ಬರ್ಲಿನ್ನಿನಲ್ಲಿಯೂ ಫ್ರಾಂಕ್‌ಫರ್ಟಿನಲ್ಲಿಯೂ ಏಕಕಾಲದಲ್ಲಿ ವಾದ್ಯವೃಂದದೊಡನೆ ಪ್ರದರ್ಶಿತವಾದ ಈ ನೂತನ ಪಾಠದಲ್ಲಿ ಸುಮಾರು ೨೫ ನಿಮಿಷಗಳ ಭಾಗವು ಅಧಿಕವಾಗಿ ಸೇರಿತು. ಅದೇ ವರ್ಷದ ಕೊನೆಯಲ್ಲಿ ಅದು ಅಮೆರಿಕ, ಇಂಗ್ಲೆಂಡುಗಳಲ್ಲಿ ಬ್ಲೂ-ರೇ ಫಲಕವಾಗಿ ಪ್ರಕಟವಾಯಿತು. ಇದನ್ನು ಮನೆಯಲ್ಲಿ ನೋಡುವವನಿಗೆ ಮೊದಲು ತೋರುವುದು ಒಂದು ಅಸಮತೆ. ಉಜ್ಜ್ವಲವಾದ ಚಿತ್ರವು ಓಡುತ್ತಿರುವಾಗ ಒಮ್ಮೆಲೇ ಮಳೆಸುರಿದಂತೆ ಗೀರುಗಳು ಆವರಿಸುತ್ತವೆ. ಚೌಕಟ್ಟು ಕಿರಿದಾಗಿ ಅಂಚು ಕಪ್ಪಾಗುತ್ತದೆ. ಅಷ್ಟು ಭಾಗವು ಬುಯೆನೊಸ್ ಐರಿಸಿನ ಪ್ರತಿಯಿಂದ ಬಂದುದು. ಪರಿಷ್ಕರ್ತರು ಗೀರುಗಳನ್ನು ಶಕ್ತಿಯಿದ್ದಷ್ಟು ತೆಳುಗೊಳಿಸಿದರು. ಆದರೆ ಕತ್ತರಿಸಿಹೋದ ಅಂಚನ್ನು ಊಹೆಯಿಂದ ತುಂಬಲಿಲ್ಲ, ಹಿಗ್ಗಿಸಿ ಮುಚ್ಚಲೂ ಇಲ್ಲ. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ೧೯೧೯ರಲ್ಲಿ ತೊಡಗಿ ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕೃತ ಮುದ್ರಣವನ್ನು ಬಲ್ಲ ವಾಚಕರಿಗೆ ಇದರ ಮರ್ಮವು ಹೊಳೆಯದಿರದು. ವಿಷ್ಣು ಸೀತಾರಾಮ ಸುಕ್ಥಣಕರರು ೧೯೨೫ರಿಂದ ೧೯೪೩ರವರೆಗೆ ಪ್ರಧಾನ ಸಂಪಾದಕರಾಗಿ ನಡೆಸಿದ ಆ ಕಾರ್ಯದಲ್ಲಿ, ಪ್ರತಿಗಳ ಸಾಕ್ಷ್ಯವು ಸಂದಿಗ್ಧವಾದೆಡೆಯಲ್ಲಿ ಅಕ್ಷರಗಳ ಕೆಳಗೆ ಅಲೆಯಂತಹ ಗೆರೆಯನ್ನೆಳೆಯುವ ಕ್ರಮವನ್ನಿಟ್ಟುಕೊಂಡರು. ಗಣೇಶನು ಲಿಪಿಕಾರನಾದನೆಂಬ ಲೋಕಪ್ರಿಯವಾದ ಕಥೆಯನ್ನೂ ಪ್ರತಿಗಳ ಆಧಾರವು ಸಾಲದೆಂದು ಮೂಲದಿಂದ ಬೇರ್ಪಡಿಸಿದರು. ಆ ಅಲೆಗೆರೆಯೂ ಈ ಕಪ್ಪು ಅಂಚೂ ಒಂದೇ ಧರ್ಮದ ಎರಡು ಚಿಹ್ನೆಗಳು. ಸಂಪಾದಕನು ತನಗೆ ತಿಳಿದುದೆಷ್ಟು ಎಂಬುದರ ಮೇರೆಯನ್ನು ಓದುಗನಿಗೆ ತೋರಿಸುವುದೇ ಆ ಧರ್ಮ. ಈಗಲೂ ಎರಡು ಮುಖ್ಯವಾದ ಲೋಪಗಳು ಉಳಿದಿವೆ: ದೇವಾಲಯದಲ್ಲಿ ಸಂನ್ಯಾಸಿಯು ಮಾಡುವ ಪ್ರವಚನ, ಫ್ರೆಡರ್ಸನ್ ಮತ್ತು ರೋಟ್‌ವಾಂಗರ ಕಾಳಗ. ಅಲ್ಲಿ ಬರಹವಿದೆಯೇ ಹೊರತು ಚಿತ್ರವಿಲ್ಲ.

ಹಳೆಯ ಚಿತ್ರಗಳ ಫಲಕಗಳನ್ನು ವಿಮರ್ಶಿಸುವವನ ಕರ್ತವ್ಯವೇನೆಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ. ಕಥೆ ಹೇಗಿದೆ, ನಟನೆ ಹೇಗಿದೆ ಎಂದಷ್ಟೇ ಹೇಳಿದರೆ ಅರ್ಧ ಕೆಲಸವಾದಂತೆ. ಇದು ಯಾವ ಪಾಠ, ಯಾವ ಭಂಡಾರದ ಪ್ರತಿಯಿಂದ ಬಂದುದು, ಎಷ್ಟು ಉದ್ದ, ಯಾವ ವೇಗ, ಸಂಗೀತವು ಮೂಲದ್ದೋ ಅನ್ಯದ್ದೋ, ಬರಹಫಲಕಗಳು ಯಾವ ಭಾಷೆಯವು, ಲೋಪಗಳನ್ನು ತೋರಿಸಿದ್ದಾರೆಯೇ ಮುಚ್ಚಿದ್ದಾರೆಯೇ ಎಂಬುದನ್ನು ಆತನು ಮೊದಲು ನಿರ್ಣಯಿಸಬೇಕು. ಡೆನ್ಮಾರ್ಕಿನ ಕಾರ್ಲ್ ಡ್ರೈಯರನು ೧೯೨೮ರಲ್ಲಿ ಜೋನ್ ಆಫ್ ಆರ್ಕಳನ್ನು ಕುರಿತು ನಿರ್ಮಿಸಿದ ಚಿತ್ರದ ನೆಗೆಟಿವು ಅದೇ ವರ್ಷ ಬೆಂಕಿಗೆ ಆಹುತಿಯಾಗಿ, ಮೂಲಪಾಠದ ಪ್ರತಿಯೊಂದು ೧೯೮೧ರಲ್ಲಿ ನಾರ್ವೆ ದೇಶದ ಓಸ್ಲೊ ಬಳಿಯ ಮಾನಸಿಕ ಚಿಕಿತ್ಸಾಲಯದಲ್ಲಿ ದೊರೆಯಿತು. ೧೯೯೯ರಲ್ಲಿ ಅದು ಡಿವಿಡಿ ಫಲಕವಾಯಿತು. ಅದಕ್ಕೆ ಮುಂಚಿನ ಪ್ರತಿಗಳನ್ನು ನೋಡಿ ಬರೆದ ವಿಮರ್ಶೆಯೂ ಅನಂತರದ್ದೂ ಒಂದೇ ಕೃತಿಯನ್ನು ಕುರಿತುವು ಎನ್ನಲಾಗದು.

ಆದರೆ ಪಾಠವು ಪೂರ್ಣವಾದ ಮಾತ್ರಕ್ಕೆ ಕಾವ್ಯವು ಉತ್ತಮವಾಗುವುದಿಲ್ಲವೆಂಬುದನ್ನೂ ಮರೆಯಬಾರದು. ತಲೆಗೂ ಕೈಗೂ ಹೃದಯವು ಮಧ್ಯಸ್ಥನಾಗಬೇಕೆಂಬ ಮೆಟ್ರೊಪೊಲಿಸಿನ ಉಪದೇಶವು ಸಂಕ್ಷೇಪದಲ್ಲಿ ಎಷ್ಟು ತೆಳುವಾಗಿದ್ದಿತೋ ಪೂರ್ಣಪಾಠದಲ್ಲಿಯೂ ಅಷ್ಟೇ ತೆಳುವಾಗಿದೆ. ಲಾಂಗನು ತಾನೇ ಮುಂದೆ ಆ ಉಪದೇಶದಲ್ಲಿ ನಂಬಿಕೆಯನ್ನು ಕಳೆದುಕೊಂಡಿದ್ದನು. ಪೂರ್ಣಪಾಠವು ಮಾಡಿದ ಉಪಕಾರ ಬೇರೆ ಬಗೆಯದು. ಶಿಲ್ಪಿಯ ಶೋಕಕ್ಕೆ ಕಾರಣ ದೊರೆಯಿತು. ಸಂಖ್ಯೆಯಾಗಿದ್ದ ಶ್ರಮಿಕನು ಮನುಷ್ಯನಾದನು. ಗುಣಕ್ಕೂ ದೋಷಕ್ಕೂ ಈಗ ಕರ್ತೃವನ್ನೇ ಹೊಣೆಮಾಡಬಹುದಾಗಿದೆ. ಕತ್ತರಿಯ ತಪ್ಪನ್ನು ಕವಿಯ ತಪ್ಪಿನಿಂದ ಬೇರ್ಪಡಿಸುವುದಕ್ಕಿಂತ ಹೆಚ್ಚಿನ ನ್ಯಾಯವನ್ನು ಸಂಪಾದನಶಾಸ್ತ್ರವು ಎಂದೂ ಪ್ರತಿಜ್ಞೆ ಮಾಡಿಲ್ಲ.

ಮನೆಯ ಕಪಾಟಿನಲ್ಲಿರುವ ಫಲಕಕ್ಕೆ ಮತ್ತೊಂದು ಗುಣವುಂಟು. ವಿಎಚ್‌ಎಸ್ ಯಂತ್ರಗಳ ನಿರ್ಮಾಣವು ೨೦೧೬ರಲ್ಲಿ ನಿಂತುಹೋಯಿತು. ಫಲಕಗಳ ಮಾರಾಟವೂ ಇಳಿಮುಖವಾಗಿ, ಚಿತ್ರಗಳು ತಂತಿಯ ಮೂಲಕ ದೂರದ ಭಂಡಾರದಿಂದ ಹರಿದುಬರುವ ಪದ್ಧತಿಯು ಪ್ರಬಲವಾಗಿದೆ. ಇದರಿಂದ ಸೌಲಭ್ಯವು ಹೆಚ್ಚಿತೆಂಬುದು ನಿರ್ವಿವಾದ. ಆದರೆ ಅಲ್ಲಿ ಇಂದು ಇರುವ ಪಾಠವು ನಾಳೆ ಇರಬೇಕೆಂಬ ನಿಯಮವಿಲ್ಲ; ಒಂದನ್ನು ತೆಗೆದು ಮತ್ತೊಂದನ್ನಿಟ್ಟರೆ ಪ್ರೇಕ್ಷಕನಿಗೆ ಹೋಲಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಒಡೆಯನು ಒಂದೇ ಕಡೆ ಇಟ್ಟ ಪ್ರತಿಯನ್ನು ಒಡೆಯನೇ ಕತ್ತರಿಸಿದುದೇ ೧೯೨೭ರ ಕಥೆ. ಹತ್ತು ಕೈಗಳಲ್ಲಿ ಹಂಚಿಹೋದುದರಿಂದಲೇ ಒಂದು ಪ್ರತಿಯು ಬುಯೆನೊಸ್ ಐರಿಸಿನಲ್ಲಿ ಉಳಿಯಿತು.

ಕನ್ನಡಿಗರಿಗೆ ಈ ವೃತ್ತಾಂತವು ಪರದೇಶದ ಕೌತುಕವಾಗಿ ಮಾತ್ರ ಉಳಿಯತಕ್ಕುದಲ್ಲ. ವೈ. ವಿ. ರಾಯರು ನಿರ್ದೇಶಿಸಿ, ಸುಬ್ಬಯ್ಯನಾಯುಡು, ಆರ್. ನಾಗೇಂದ್ರರಾಯ, ತ್ರಿಪುರಾಂಬ ಮುಂತಾದವರು ಅಭಿನಯಿಸಿದ ‘ಸತಿ ಸುಲೋಚನ’ವು ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಕನ್ನಡದಲ್ಲಿ ಬಿಡುಗಡೆಯಾದ ಮೊದಲ ವಾಕ್ಚಿತ್ರವಿದು. ಇದರ ಪ್ರತಿಯೊಂದೂ ಉಳಿದಿಲ್ಲ. ಕನ್ನಡ ನುಡಿಯು ಬೆಳ್ಳಿತೆರೆಯ ಮೇಲೆ ಮೊದಲು ಹೇಗೆ ಧ್ವನಿಸಿತು ಎಂಬುದನ್ನು ಕೇಳುವ ಭಾಗ್ಯವು ಇಂದಿನವರಿಗಿಲ್ಲ. ಭಾರತದಲ್ಲಿ ಚಿತ್ರಭಂಡಾರವು ಸ್ಥಾಪಿತವಾದುದು ೧೯೬೪ರಲ್ಲಿ. ಮಹಾಭಾರತದ ಪರಿಷ್ಕರಣವು ನಡೆದ ಪುಣೆಯಲ್ಲಿಯೇ. ಅಷ್ಟು ಹೊತ್ತಿಗೆ ಮೂಕಚಿತ್ರಗಳ ಬಹುಭಾಗವು ಅಳಿದಿತ್ತು. ಪಿ. ಕೆ. ನಾಯರ್ ಅವರು ಊರೂರು ಸುತ್ತಿ ಡಬ್ಬಿಗಳನ್ನು ಹುಡುಕಿ ತಂದುದರಿಂದ ಅನೇಕ ಚಿತ್ರಗಳು ಉಳಿದುವು. ೨೦೦೩ರಲ್ಲಿ ಬೆಂಕಿಬಿದ್ದು ನೈಟ್ರೇಟ್ ಪ್ರತಿಗಳು ಅಲ್ಲಿಯೂ ನಷ್ಟವಾದುವು. ಸಂತೋಷದ ಸಂಗತಿಗಳೂ ಇಲ್ಲದಿಲ್ಲ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ವು ಇಟಲಿಯ ಬೊಲೊನ್ಯ ನಗರದ ಕಾರ್ಯಾಲಯದಲ್ಲಿ ಪುನರುಜ್ಜೀವನಗೊಂಡು ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು.

ಹಳೆಯ ಸುರುಳಿಗಳನ್ನು ಓಡಿಸುವ ಯಂತ್ರವಿಲ್ಲವೆಂದು ಅವನ್ನು ಹೊರಗೆಸೆಯುವ ಮನೆಗಳು ಜಿಲ್ಲೆಜಿಲ್ಲೆಗಳಲ್ಲಿಯೂ ಇವೆ. ಹಾಗೆಯೇ ಮುಚ್ಚಿದ ಚಿತ್ರಮಂದಿರಗಳ ಯಂತ್ರದ ಕೋಣೆಗಳೂ, ನಿಂತುಹೋದ ಸಂಚಾರಿ ಟೆಂಟುಗಳ ಸಾಮಗ್ರಿಗಳೂ ಇವೆ. ಓಲೆಗರಿಗಳನ್ನು ಅರಸಿ ಅಟ್ಟಗಳನ್ನು ಹತ್ತಿದ ಹಿಂದಿನ ಸಂಶೋಧಕರು ಮಸಿಹಿಡಿದುದನ್ನೂ ಅರ್ಧ ಹರಿದುದನ್ನೂ ಹೀಗಳೆಯದೆ ಇಳಿಸಿ ತಂದರು. ಬುಯೆನೊಸ್ ಐರಿಸಿನ ಪ್ರತಿಯು ಎಲ್ಲ ಪ್ರತಿಗಳಲ್ಲಿಯೂ ಕೆಟ್ಟದಾಗಿದ್ದಿತು. ಇಪ್ಪತ್ತೈದು ನಿಮಿಷಗಳ ಮಟ್ಟಿಗೆ ಅದೊಂದೇ ಇದ್ದಿತು.